ಕೋಳಿ ಆಹಾರದಲ್ಲಿ ಬೂಷ್ಟಿನ ವಿಷ: ಕಣದಲ್ಲಿ ತಪ್ಪಿದ್ದು ಗೂಡಿನಲ್ಲಿ ಕಾಣುವ ಬಗೆ



ಮುಂಗಾರು ಮೆಕ್ಕೆಜೋಳದ ಕಟಾವಿಗೆ ಮೊದಲೇ ಈ ಪಾಠವು ತಮ್ಮ ಕೈ ಸೇರಬೇಕೆಂಬುದು ನನ್ನ ಆಶಯ. ಕಟಾವು ಮುಗಿದ ನಂತರ ಓದಿದರೂ ವಿಷಯ ತಿಳಿಯುತ್ತದೆ. ಆದರೆ ಮಾಡಬಹುದಾದ ಕೆಲಸದಲ್ಲಿ ಬಹುಪಾಲು ಅಷ್ಟರಲ್ಲಿ ಕೈತಪ್ಪಿರುತ್ತದೆ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಒಂದನೇ ಅನುಸೂಚಿಯಲ್ಲಿ ಪಶುಸಂಗೋಪನೆ, ಹೈನುಗಾರಿಕೆಗಳ ಜೊತೆಗೆ ಕೋಳಿ ಸಾಕಣೆಯೂ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿದೆ. ಆದರೂ ನಮ್ಮ ಸಭೆಗಳಲ್ಲಿ ಕೋಳಿಯ ಮಾತು ಬರುವುದು ಫಲಾನುಭವಿಗಳ ಆಯ್ಕೆಯ ದಿನ, ಇಲ್ಲವೇ ಯಾವುದಾದರೊಂದು ಫಾರಂನ ವಾಸನೆ ಮತ್ತು ನೊಣಗಳ ಬಗ್ಗೆ ದೂರು ಬಂದ ದಿನ ಮಾತ್ರ.

ನಾನು ಹಿಂದೆ ಕಾರ್ಯನಿರ್ವಹಿಸಿದ ಗ್ರಾಮ ಪಂಚಾಯಿತಿಯಲ್ಲಿ ಆ ಮಾತು ಬೇರೊಂದು ಕಾರಣಕ್ಕೆ ಬಂದಿತು. ಸ್ವಸಹಾಯ ಸಂಘದ ಹದಿನೆಂಟು ಮಹಿಳೆಯರು ಒಕ್ಕೂಟದಿಂದ ಸಾಲ ಪಡೆದು ಹಿತ್ತಲಿನಲ್ಲಿ ಗಿರಿರಾಜ ಕೋಳಿಗಳನ್ನು ಸಾಕಿದ್ದರು. ದೀಪಾವಳಿಯ ಆಸುಪಾಸಿನಲ್ಲಿ ಒಂದು ವಾರ ಮಳೆ ಹಿಡಿಯಿತು. ಅದಾಗಿ ಮೂರು ನಾಲ್ಕು ವಾರಗಳಲ್ಲಿ ಕೋಳಿಗಳು ಮಂಕಾಗತೊಡಗಿದವು. ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು, ಜುಟ್ಟು ಬಿಳಚಿಕೊಂಡಿತು, ರೆಕ್ಕೆಗಳು ಜೋತುಬಿದ್ದವು. ಬಳಿಕ ಕೊಕ್ಕರೆ ರೋಗದ ಲಕ್ಷಣಗಳು ಕಾಣಿಸಿಕೊಂಡು ಸಾವು ಆರಂಭವಾಯಿತು. ಲಸಿಕೆ ಹಾಕಿಸಿಯಾಗಿತ್ತು. ಹಾಗಿದ್ದರೂ ರೋಗ ಬಂದಿತೆಂದರೆ ತಪ್ಪು ಲಸಿಕೆ ಹಾಕಿದ ಪಶು ಸಖಿಯದೇ ಎಂದು ಊರು ತೀರ್ಮಾನಿಸಿತು. ಲಸಿಕೆಯನ್ನು ಬಿಸಿಲಿನಲ್ಲಿ ತಂದಳು, ಮಂಜುಗಡ್ಡೆ ಇಡಲಿಲ್ಲ ಎಂಬ ಮಾತುಗಳು ಹುಟ್ಟಿದವು. ಸಾಮಾನ್ಯ ಸಭೆಯಲ್ಲಿ ಇಬ್ಬರು ಸದಸ್ಯರು ಆಕೆಯನ್ನು ಬದಲಿಸುವಂತೆ ಒಕ್ಕೂಟಕ್ಕೆ ಬರೆಯಬೇಕೆಂದು ಒತ್ತಾಯಿಸಿದರು. ಪತ್ರದ ಕರಡನ್ನು ನಾನೇ ಸಿದ್ಧಪಡಿಸಿದೆ.

ಆ ಕರಡು ಇನ್ನೂ ಸಹಿಯಾಗದೆ ಮೇಜಿನ ಮೇಲಿದ್ದಾಗ ಪಶುವೈದ್ಯಾಧಿಕಾರಿಗಳು ಗ್ರಾಮಕ್ಕೆ ಬಂದರು. ಆಗಷ್ಟೇ ಸತ್ತಿದ್ದ ಮೂರು ಕೋಳಿಗಳನ್ನು ಕೊಯ್ದು ನೋಡಿದರು. ಆರೋಗ್ಯವಂತ ಕೋಳಿಯ ಯಕೃತ್ತು, ಅಂದರೆ ನಾವು ಲಿವರ್ ಎನ್ನುವ ಭಾಗ, ಕಡುಗೆಂಪು ಕಂದು ಬಣ್ಣದ್ದಾಗಿರುತ್ತದೆ. ಈ ಮೂರರಲ್ಲಿಯೂ ಅದು ಹಳದಿಗೆ ತಿರುಗಿ, ಊದಿಕೊಂಡು, ಬೆರಳಿನಿಂದ ಒತ್ತಿದರೆ ಪುಡಿಯಾಗುವಂತಿತ್ತು. ಅವರು ಲಸಿಕೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಕೋಳಿಗೆ ಏನು ಹಾಕ್ತಿದ್ರಮ್ಮ?" ಎಂದು ಮಾತ್ರ ಕೇಳಿದರು. ಸಂಘದ ಪ್ರತಿನಿಧಿಯ ಉತ್ತರ ನನಗೆ ಇಂದಿಗೂ ನೆನಪಿದೆ: "ಗಟ್ಟಿ ಕಾಳು ಮಂಡಿಗೆ ಹೋತು ಸರ್. ಜರಡಿ ಕೆಳಗೆ ಬಿದ್ದಿದ್ದು ಕೋಳಿಗೆ."

ಆ ಜರಡಿಯ ನುಚ್ಚನ್ನು ಚೀಲಗಳಲ್ಲಿ ತುಂಬಿ ಇಟ್ಟಿದ್ದುದು ಪಂಚಾಯಿತಿಯ ಹಳೆಯ ಕಟ್ಟಡದ ಕೋಣೆಯಲ್ಲಿ. ಕೋಣೆಯನ್ನು ಸಂಘಕ್ಕೆ ಬಿಟ್ಟುಕೊಟ್ಟವನು ನಾನು. ಚೀಲಗಳು ಬರಿಯ ನೆಲದ ಮೇಲೆ, ಗೋಡೆಗೆ ಒರಗಿಕೊಂಡು ನಿಂತಿದ್ದವು. ಎಂಜಿನಿಯರಿಂಗ್ ಓದಿದವನಿಗೆ ನೆಲದ ತೇವ ಗೋಡೆಗೆ ಏರುತ್ತದೆಂಬುದು ಮೊದಲ ವರ್ಷದ ಪಾಠ. ಗೋಡೆಗೆ ಏರಿದ ತೇವ ಗೋಣಿಗೂ ಏರುತ್ತದೆಂಬುದು ಕೋಣೆಯ ಬೀಗದ ಕೈ ಕೊಡುವಾಗ ನನಗೆ ಹೊಳೆಯಲಿಲ್ಲ. ಆಹಾರದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ವಿಷದ ಪ್ರಮಾಣವು ಅನುಮತಿಸಿದ ಮಿತಿಯನ್ನು ಬಹಳ ದೂರ ದಾಟಿತ್ತು. ಕರಡು ಪತ್ರವನ್ನು ಕಡತದಿಂದ ತೆಗೆದುಹಾಕಿದೆನಾದರೂ, ಆ ಒಂದು ತಿಂಗಳು ಆ ಹೆಣ್ಣುಮಗಳು ಊರಿನಲ್ಲಿ ಕೇಳಿದ ಮಾತುಗಳನ್ನು ತೆಗೆದುಹಾಕಲು ನನ್ನಿಂದಾಗಲಿಲ್ಲ.

ಬೂಷ್ಟು ಬೇರೆ, ವಿಷ ಬೇರೆ

ಕಾಳಿನ ಮೇಲೆ ಹಸಿರು, ಹಳದಿ, ಬೂದು, ಗುಲಾಬಿ ಬಣ್ಣಗಳಲ್ಲಿ ಕಾಣುವ ಬೂಷ್ಟು ಒಂದು ಶಿಲೀಂಧ್ರ. ಅದು ಜೀವಿ, ಒಣಗಿದರೆ ಅದರ ಬೆಳವಣಿಗೆ ನಿಲ್ಲುತ್ತದೆ, ಕಾಯಿಸಿದರೆ ಸಾಯುತ್ತದೆ. ಆದರೆ ಬೆಳೆಯುವ ಕಾಲದಲ್ಲಿ ಅದು ಕಾಳಿನೊಳಗೆ ಸ್ರವಿಸಿದ ವಿಷವು ಜೀವಿಯಲ್ಲ, ರಾಸಾಯನಿಕ ವಸ್ತು. ಬೂಷ್ಟು ಸತ್ತರೂ ಆ ವಸ್ತು ಉಳಿಯುತ್ತದೆ. ತೊಳೆದರೆ ಹೋಗುವುದಿಲ್ಲ, ಬಿಸಿಲಿಗೆ ಹರಡಿ ಒಣಗಿಸಿದರೆ ಹೋಗುವುದಿಲ್ಲ, ಅಡುಗೆಯ ಬಿಸಿಗೂ ಪೂರ್ತಿ ನಾಶವಾಗುವುದಿಲ್ಲ. ಆದುದರಿಂದ ಒಮ್ಮೆ ಬೂಷ್ಟು ಹಿಡಿದ ಕಾಳನ್ನು ಚೆನ್ನಾಗಿ ಒಣಗಿಸಿ, ಉಜ್ಜಿ, ಹೊಳೆಯುವಂತೆ ಮಾಡಿದರೂ ಅದರೊಳಗಿನ ವಿಷ ಹಾಗೆಯೇ ಇರಬಹುದು. ಇದಕ್ಕೆ ವಿರುದ್ಧವಾಗಿ, ಕಣ್ಣಿಗೆ ಬೂಷ್ಟು ಕಂಡ ಪ್ರತಿ ಕಾಳಿನಲ್ಲಿಯೂ ವಿಷ ಇದ್ದೇ ಇರಬೇಕೆಂದಿಲ್ಲ. ಕಣ್ಣು ಇಲ್ಲಿ ನಂಬಿಕಸ್ಥ ಸಾಕ್ಷಿಯಲ್ಲ.

ಈ ವಿಷಗಳಲ್ಲಿ ನಮ್ಮ ಹವೆಗೆ ಅತ್ಯಂತ ಪ್ರಸ್ತುತವಾದುದು ಅಫ್ಲಾಟಾಕ್ಸಿನ್. ಅದನ್ನು ಲೋಕಕ್ಕೆ ತೋರಿಸಿಕೊಟ್ಟದ್ದೂ ಪಕ್ಷಿಗಳೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವುದೋ ಹೊಸ ಸೋಂಕು ಎಂದು ಹುಡುಕಿದರೂ ರೋಗಾಣು ಸಿಗಲಿಲ್ಲ. ಹೆಸರು ತಿಳಿಯದ್ದರಿಂದ 'ಟರ್ಕಿ ಎಕ್ಸ್ ರೋಗ' ಎಂದು ಕರೆದರು. ಕೊನೆಗೆ ಕಾರಣ ಸಿಕ್ಕಿದ್ದು ಆಹಾರದ ಚೀಲದಲ್ಲಿ: ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿ. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ ಹೆಸರಿನ ಅಕ್ಷರಗಳನ್ನು ಕೂಡಿಸಿಯೇ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು. ಕೆಲವೇ ವರ್ಷಗಳ ನಂತರ, 1966ರಲ್ಲಿ, ಆಗಿನ ಮೈಸೂರು ರಾಜ್ಯದಲ್ಲಿಯೂ ಇದೇ ವಿಷದಿಂದ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತುದು ದಾಖಲಾಗಿದೆ. ಅಂದರೆ ಈ ವಿಷಯ ನಮ್ಮ ನಾಡಿಗೆ ಹೊಸದಲ್ಲ, ನಮ್ಮ ಸಭೆಗಳಿಗೆ ಮಾತ್ರ ಹೊಸದು.

ಅಫ್ಲಾಟಾಕ್ಸಿನ್‌ನಲ್ಲಿ ಬಿ1, ಬಿ2, ಜಿ1, ಜಿ2 ಎಂಬ ಬಗೆಗಳಿವೆ. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದು ಬಿ, ಹಸಿರಾಗಿ ಹೊಳೆಯುವುದು ಜಿ. ಇವುಗಳಲ್ಲಿ ಬಿ1 ಅತ್ಯಂತ ತೀಕ್ಷ್ಣ. ಕೋಳಿ ಆಹಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 1374ರ ಪ್ರಕಾರ ಇದರ ಮಿತಿ 20 ಪಿಪಿಬಿ, ಅಂದರೆ ಒಂದು ಟನ್ ಆಹಾರದಲ್ಲಿ 20 ಮಿಲಿಗ್ರಾಂ. ಒಂದು ಮೆಕ್ಕೆಜೋಳದ ಕಾಳು ಸುಮಾರು 300 ಮಿಲಿಗ್ರಾಂ ತೂಗುತ್ತದೆ. ಆ ಒಂದು ಕಾಳಿನ ಹದಿನೈದನೇ ಒಂದು ಭಾಗದಷ್ಟು ವಿಷ ಹತ್ತು ಕ್ವಿಂಟಾಲ್ ಆಹಾರದಲ್ಲಿ ಹರಡಿದ್ದರೆ ಮಿತಿಯನ್ನು ಮುಟ್ಟಿದಂತೆ. ಮೂಸಿ ನೋಡಿ, ಕಡಿದು ನೋಡಿ ಇದನ್ನು ಅಳೆಯುತ್ತೇವೆ ಎನ್ನುವವರಿಗೆ ಈ ಲೆಕ್ಕವನ್ನು ಹೇಳಬೇಕಾಗುತ್ತದೆ.

ಬೇರೆ ಶಿಲೀಂಧ್ರಗಳ ಬೇರೆ ವಿಷಗಳೂ ಉಂಟು. ಆಕ್ರಾಟಾಕ್ಸಿನ್ ಮುಖ್ಯವಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಟಿ-2 ಎಂಬುದು ಕೊಕ್ಕಿನ ಒಳಗೆ, ನಾಲಗೆಯ ಮೇಲೆ ಹುಣ್ಣು ಮಾಡುತ್ತದೆ. ಫ್ಯುಮೋನಿಸಿನ್ ಮೆಕ್ಕೆಜೋಳದಲ್ಲಿ ಹೊಲದಿಂದಲೇ ಬರುತ್ತದೆ. ಒಂದೇ ಚೀಲದಲ್ಲಿ ಎರಡು ಮೂರು ಒಟ್ಟಿಗೆ ಇರುವುದೂ ಉಂಟು. ಸದಸ್ಯರು ಈ ಹೆಸರುಗಳನ್ನೆಲ್ಲ ನೆನಪಿಡಬೇಕಾಗಿಲ್ಲ.

ಕೋಳಿಯ ದೇಹದಲ್ಲಿ ಆಗುವುದೇನು

ಹಠಾತ್ ಸಾವು ಈ ವಿಷದ ಸಾಮಾನ್ಯ ರೂಪವಲ್ಲ. ಪ್ರಮಾಣ ಬಹಳ ಹೆಚ್ಚಿದ್ದರೆ ಮಾತ್ರ ಹಾಗಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ಅಲ್ಪ ಪ್ರಮಾಣದಲ್ಲಿ, ದಿನವೂ, ವಾರಗಟ್ಟಲೆ ಒಳಹೋಗುತ್ತದೆ. ಮೊದಲ ಪೆಟ್ಟು ಯಕೃತ್ತಿಗೆ. ಆಹಾರವನ್ನು ದೇಹಕ್ಕೆ ಒಗ್ಗಿಸುವ, ರಕ್ತ ಹೆಪ್ಪುಗಟ್ಟಲು ಬೇಕಾದ ಸತ್ವಗಳನ್ನು ತಯಾರಿಸುವ ಅಂಗವದು. ಅದು ಕೆಟ್ಟರೆ ಕೋಳಿ ತಿಂದದ್ದು ಮೈಗೆ ಹತ್ತುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ, ಮೊಟ್ಟೆಗಳ ಸಂಖ್ಯೆಯೂ ಗಾತ್ರವೂ ಇಳಿಯುತ್ತವೆ, ಸಣ್ಣ ಪೆಟ್ಟಿಗೂ ಚರ್ಮದ ಕೆಳಗೆ ರಕ್ತ ಕಂದಿ ನಿಲ್ಲುತ್ತದೆ. ಮಾಂಸ ಮಾಡುವಾಗ ಅಲ್ಲಲ್ಲಿ ನೀಲಿ ಕಲೆಗಳು ಕಂಡರೆ ಕೋಳಿ ಹಿಡಿಯುವವರು ಒರಟಾಗಿ ಹಿಡಿದರೆಂದು ನಾವು ಭಾವಿಸುತ್ತೇವೆ. ಕಾರಣ ಆಹಾರದಲ್ಲಿಯೂ ಇರಬಹುದು.

ಎರಡನೆಯ ಪೆಟ್ಟು ಕಣ್ಣಿಗೆ ಕಾಣದ್ದು, ಆದರೆ ನಷ್ಟದ ದೃಷ್ಟಿಯಿಂದ ಹೆಚ್ಚು ಗಂಭೀರವಾದುದು. ಕೋಳಿಯಲ್ಲಿ ರೋಗನಿರೋಧಕ ಶಕ್ತಿಯನ್ನು ರೂಪಿಸುವ ಎರಡು ಅಂಗಗಳಿವೆ: ಕತ್ತಿನಲ್ಲಿರುವ ಥೈಮಸ್ ಮತ್ತು ಹಿಂಭಾಗದಲ್ಲಿ ಮಲದ್ವಾರದ ಬಳಿ ಇರುವ ಬರ್ಸಾ. ಅಫ್ಲಾಟಾಕ್ಸಿನ್ ಇವೆರಡನ್ನೂ ಕುಗ್ಗಿಸುತ್ತದೆ. ಲಸಿಕೆ ಎಂಬುದು ರೋಗವನ್ನು ತಾನೇ ತಡೆಯುವುದಿಲ್ಲ. ದೇಹಕ್ಕೆ ರೋಗದ ಗುರುತು ಹಿಡಿಸಿ, ಎದುರಿಸಲು ಕಲಿಸುತ್ತದೆ. ಕಲಿಯಬೇಕಾದ ಅಂಗವೇ ಸೊರಗಿದ್ದರೆ ಒಳ್ಳೆಯ ಲಸಿಕೆಯನ್ನು ಒಳ್ಳೆಯ ರೀತಿಯಲ್ಲಿ ಹಾಕಿದರೂ ಫಲ ಅರ್ಧಂಬರ್ಧ. ಕೊಕ್ಕರೆ ರೋಗ, ಗಂಬೋರೊ ಮುಂತಾದವು ಲಸಿಕೆಯಾದ ಹಿಂಡಿನಲ್ಲಿಯೂ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ನಮ್ಮ ಪಶು ಸಖಿಯ ಪ್ರಕರಣದಲ್ಲಿ ನಡೆದದ್ದು ಇದೇ. ಲಸಿಕೆ ವಿಫಲವಾದ ಪ್ರತಿ ಸಲವೂ ಆಹಾರವೇ ಕಾರಣವೆಂದು ನಾನು ಹೇಳುತ್ತಿಲ್ಲ. ಶೀತಲ ಸರಪಳಿ ತಪ್ಪುವುದೂ ಉಂಟು. ಆದರೆ ಆಹಾರದ ಚೀಲವನ್ನು ನೋಡದೆ ಲಸಿಕೆ ಹಾಕಿದವರನ್ನು ದೂರುವುದು ಅರ್ಧ ತನಿಖೆ.

ವಯಸ್ಸು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಬಾತುಕೋಳಿ ಮರಿಗಳು ಎಲ್ಲಕ್ಕಿಂತ ಸೂಕ್ಷ್ಮ, ನಂತರ ಟರ್ಕಿ. ಸಾಮಾನ್ಯ ಕೋಳಿ ಇವುಗಳಿಗಿಂತ ಸ್ವಲ್ಪ ಗಟ್ಟಿ. ಕೆರೆಯಂಚಿನಲ್ಲಿ ಬಾತು ಸಾಕುವ ಕುಟುಂಬಗಳಿರುವ ಪಂಚಾಯಿತಿಗಳು ಇದನ್ನು ಗಮನಿಸಬೇಕು.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸುವುದು ಒಳಿತು. ಬೂಷ್ಟು ಹಿಡಿದ ಹೊಟ್ಟು ಅಥವಾ ಹುಲ್ಲನ್ನು ಮರಿಗಳ ಕೆಳಗೆ ಹಾಸಿದಾಗ ಅದರ ಬೀಜಕಣಗಳು ಉಸಿರಿನೊಡನೆ ಶ್ವಾಸಕೋಶಕ್ಕೆ ಹೋಗಿ, ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತ ಸಾಯುವುದುಂಟು. ಅದು ಶಿಲೀಂಧ್ರದ ಸೋಂಕು, ಆಹಾರದ ವಿಷವಲ್ಲ. ಕಾರಣ ಎರಡಕ್ಕೂ ತೇವವೇ, ಆದರೆ ಚಿಕಿತ್ಸೆ ಮತ್ತು ಕ್ರಮ ಬೇರೆ ಬೇರೆ.

ತೇವಾಂಶದ ಲೆಕ್ಕ, ತೂಕದ ಲೆಕ್ಕ

ಶಿಲೀಂಧ್ರವು ಕಾಳನ್ನು ಎರಡು ಕಡೆ ಹಿಡಿಯುತ್ತದೆ. ತೆನೆ ಕಾಳುಗಟ್ಟುವಾಗ ಮಳೆ ಕೈಕೊಟ್ಟು ಬೆಳೆ ಬಾಡಿದರೆ ಹೊಲದಲ್ಲಿಯೇ ಹಿಡಿಯುತ್ತದೆ. ಕಟಾವಿನ ನಂತರ ಮಳೆ ಬಂದರೆ ಕಣದಲ್ಲಿ, ದಾಸ್ತಾನಿನಲ್ಲಿ ಹಿಡಿಯುತ್ತದೆ. ಬೇಕಾದಾಗ ಬಾರದ ಮಳೆ, ಬೇಡವಾದಾಗ ಬರುವ ಮಳೆ ಎರಡನ್ನೂ ಒಂದೇ ವರ್ಷದಲ್ಲಿ ಕಂಡ ರೈತರು ನಮ್ಮಲ್ಲಿ ಕಡಿಮೆಯಿಲ್ಲ. ಮೊದಲನೆಯದರ ಮೇಲೆ ಪಂಚಾಯಿತಿಗೆ ಹಿಡಿತವಿಲ್ಲ. ಎರಡನೆಯದರ ಮೇಲೆ ಇದೆ.

ಕಟಾವಿನ ವೇಳೆಗೆ ಮೆಕ್ಕೆಜೋಳದಲ್ಲಿ ಶೇ. 20ರಿಂದ 25ರಷ್ಟು ತೇವಾಂಶವಿರುವುದು ಸಾಮಾನ್ಯ. ಸುರಕ್ಷಿತ ದಾಸ್ತಾನಿಗೆ ಅದು ಶೇ. 13ರ ಆಸುಪಾಸಿಗೆ ಇಳಿಯಬೇಕು. ನಡುವಿನ ಈ ಅಂತರವನ್ನು ಎಷ್ಟು ಬೇಗ ದಾಟುತ್ತೇವೆ ಎಂಬುದರ ಮೇಲೆಯೇ ವಿಷ ಹುಟ್ಟುವುದೂ ಹುಟ್ಟದಿರುವುದೂ ನಿಂತಿದೆ. ಮೂವತ್ತು ಡಿಗ್ರಿ ಆಸುಪಾಸಿನ ಸೆಕೆಯಲ್ಲಿ ಒದ್ದೆ ಕಾಳನ್ನು ಟಾರ್ಪಾಲಿನಡಿ ರಾಶಿ ಹಾಕಿ ಕೆಲವು ದಿನ ಬಿಟ್ಟರೆ ಶಿಲೀಂಧ್ರಕ್ಕೆ ಬೇಕಾದ ಎಲ್ಲವೂ ಒದಗುತ್ತದೆ.

ಹಾಗಾದರೆ ರೈತರು ಏಕೆ ಒಣಗಿಸುವುದಿಲ್ಲ? ಅಜ್ಞಾನವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಲೆಕ್ಕ ಹಾಕಿ ನೋಡೋಣ. ಶೇ. 20 ತೇವಾಂಶದ ಒಂದು ಕ್ವಿಂಟಾಲ್ ಕಾಳಿನಲ್ಲಿ 20 ಕಿಲೋ ನೀರು, 80 ಕಿಲೋ ಒಣ ಪದಾರ್ಥ. ಇದನ್ನು ಶೇ. 13ಕ್ಕೆ ಒಣಗಿಸಿದರೆ ಒಟ್ಟು ತೂಕ ಸುಮಾರು 92 ಕಿಲೋ ಆಗುತ್ತದೆ. ಎಂಟು ಕಿಲೋ ಗಾಳಿಗೆ ಹೋಯಿತು. ಒಣಗಿದ ಕಾಳಿಗೆ ಖರೀದಿದಾರರು ಅದಕ್ಕೆ ತಕ್ಕಷ್ಟು ಹೆಚ್ಚಿನ ದರ ಕೊಡದಿದ್ದರೆ ಒಣಗಿಸಿದ ರೈತನಿಗೆ ಕೂಲಿಯೂ ನಷ್ಟ, ತೂಕವೂ ನಷ್ಟ. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶ ಶೇ. 14 ಮೀರಬಾರದೆಂಬ ನಿಯಮವಿದೆ. ಆದರೆ ಅವಸರಕ್ಕೆ ಹಣ ಬೇಕಾದವರು ಮಾರುವುದು ಹೊಲದಂಚಿನಲ್ಲಿಯೇ. ಆದುದರಿಂದ ಕೇವಲ ಅರಿವು ಮೂಡಿಸುವ ಕಾರ್ಯಕ್ರಮದಿಂದ ಇದು ಬಗೆಹರಿಯುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಒಣಗಿಸುವ ಖರ್ಚನ್ನೂ ಶ್ರಮವನ್ನೂ ಕಡಿಮೆ ಮಾಡುವ ಸೌಲಭ್ಯ ಊರಿನಲ್ಲಿ ಇರಬೇಕು.

ಇನ್ನು ಜರಡಿಯ ಮಾತು. ಈ ಪಾಠದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಬೇಕೆಂದು ಕೋರುತ್ತೇನೆ. ವಿಷವು ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಒಡೆದ, ಹುಳು ಕೊರೆದ, ಬಣ್ಣಗೆಟ್ಟ, ಸುರುಟಿದ ಕಾಳುಗಳಲ್ಲಿ ಅದು ಸಾಂದ್ರವಾಗಿರುತ್ತದೆ. ಗಟ್ಟಿಯಾದ ಇಡೀ ಕಾಳಿನಲ್ಲಿ ಬಹಳ ಕಡಿಮೆ. ಜರಡಿ ಹಿಡಿದು, ತೂರಿ ಸ್ವಚ್ಛಗೊಳಿಸಿದರೆ ಮಂಡಿಗೆ ಹೋಗುವ ಮಾಲು ಬಹುಮಟ್ಟಿಗೆ ಶುದ್ಧವಾಗುತ್ತದೆ. ಅದು ಒಳ್ಳೆಯ ಪದ್ಧತಿಯೇ. ಆದರೆ ಇಡೀ ರಾಶಿಯ ವಿಷದಲ್ಲಿ ದೊಡ್ಡ ಪಾಲು ಜರಡಿಯ ಕೆಳಗೆ ಬಿದ್ದ ಆ ಚಿಕ್ಕ ಗುಡ್ಡೆಗೆ ಬಂದು ಸೇರುತ್ತದೆ. ಆ ಗುಡ್ಡೆಯೇ ಅಗ್ಗದ ದರಕ್ಕೆ ಚೀಲ ಸೇರಿ, ಸಾಲ ಮಾಡಿ ಕೋಳಿ ಸಾಕಿದ ಮನೆಯ ಹಿತ್ತಲಿಗೆ ಬರುತ್ತದೆ. ಜನರಿಗೆ ಬೇಡವಾದುದು ಕೋಳಿಗೆ ಎಂಬ ನಮ್ಮ ರೂಢಿಯು ವಿಷವನ್ನು ಸೋಸಿ ಕೋಳಿಗೆ ಕೊಡುವ ವ್ಯವಸ್ಥೆಯಾಗಿಬಿಟ್ಟಿದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯ ಕತೆಯೂ ಹೀಗೆಯೇ: ಜೊಳ್ಳು, ಕೆಟ್ಟ ಬೀಜಗಳನ್ನೂ ಸೇರಿಸಿ ಗಾಣಕ್ಕೆ ಹಾಕಿದ್ದರೆ ವಿಷವು ಎಣ್ಣೆಗಿಂತ ಹೆಚ್ಚಾಗಿ ಹಿಂಡಿಯಲ್ಲಿಯೇ ಉಳಿಯುತ್ತದೆ.

ಕೋಳಿಗೆ ಬೇಡವೆಂದರೆ ಹಸುವಿಗೆ ಹಾಕಬಹುದೇ

ಸಭೆಯಲ್ಲಿ ಈ ವಿಷಯ ಮಂಡಿಸಿದಾಗ ನನ್ನನ್ನು ಮೊದಲು ಕೇಳಿದ ಪ್ರಶ್ನೆ ಇದು. ಉತ್ತರ: ಹಾಕಬಾರದು. ಹಸು ಸಾಯದಿರಬಹುದು, ಆದರೆ ಬಿ1 ಅದರ ದೇಹದಲ್ಲಿ ಎಂ1 ಎಂಬ ರೂಪಕ್ಕೆ ಬದಲಾಗಿ ಹಾಲಿನಲ್ಲಿ ಹೊರಬರುತ್ತದೆ. ಹಾಲಿನಲ್ಲಿ ಅದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಆಹಾರ ಸುರಕ್ಷತಾ ನಿಯಮಗಳು ಇಷ್ಟು ಬಿಗಿಯಾಗಿರಲು ಕಾರಣ ಹಾಲು ಕುಡಿಯುವವರಲ್ಲಿ ಮಕ್ಕಳೂ ಇರುವುದು. ಕೋಳಿಯ ಮೊಟ್ಟೆಗೆ ಸೇರುವ ಪ್ರಮಾಣವು ಇದಕ್ಕೆ ಹೋಲಿಸಿದರೆ ಬಹಳ ಅಲ್ಪ. ಕಾಯಿಲೆಯಿಂದ ಸತ್ತ ಕೋಳಿಯನ್ನು ಮಾತ್ರ ಯಾವ ಕಾರಣಕ್ಕೂ ತಿನ್ನಬಾರದು, ನಾಯಿಗಳಿಗೂ ಎಸೆಯಬಾರದು.

ಹಿಟ್ಟು ಮಾಡಿಸಿ ಮನೆಯವರು ತಿಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ದುರಂತದ ದಾಖಲೆ ಇದೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಬೇರೆ ಗತಿಯಿಲ್ಲದೆ ತಿಂದವರಲ್ಲಿ ಕಾಮಾಲೆ ಹಬ್ಬಿ, ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದೇ ಅಡುಗೆಯ ಪಾಲು ತಿಂದ ಊರ ನಾಯಿಗಳೂ ಸತ್ತವು. ನಮಗೆ ಇನ್ನೂ ಹತ್ತಿರದ್ದು 1995ರ ಪ್ರಕರಣ. ದಖ್ಖನ್ ಪ್ರಸ್ಥಭೂಮಿಯ ಆಂಧ್ರ ಮತ್ತು ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಕಟಾವಾಗಿ ಹೊಲದಲ್ಲಿದ್ದ ಜೋಳ, ಮೆಕ್ಕೆಜೋಳ ಮಳೆಗೆ ನೆನೆದವು. ಆ ಧಾನ್ಯ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡಿತು; ಪರೀಕ್ಷೆಯಲ್ಲಿ ಫ್ಯುಮೋನಿಸಿನ್ ಪತ್ತೆಯಾಯಿತು. ಎರಡೂ ಕಡೆ ಹೆಚ್ಚು ಬಾಧೆಗೊಳಗಾದವರು ಬೇರೆ ಧಾನ್ಯ ಕೊಳ್ಳಲಾರದ ಬಡವರು.

ಹಾಗಾಗಿ ಬೂಷ್ಟು ಹಿಡಿದ ನುಚ್ಚಿಗೆ ಉಳಿದ ಜಾಗ ಗೊಬ್ಬರದ ಗುಂಡಿಯೊಂದೇ. ಅದನ್ನು ಮಣ್ಣು, ಸಗಣಿಯೊಡನೆ ಆಳವಾಗಿ ಮುಚ್ಚಬೇಕು. ಮೇಲೆ ಸುರಿದುಬಿಟ್ಟರೆ ಕೋಳಿಗಳು ಕೆದಕಿ ತಿನ್ನುತ್ತವೆ.

ಪಂಚಾಯಿತಿಯ ಕೈಯಲ್ಲಿರುವ ಕೆಲಸ

ಮೊದಲನೆಯದು ಕಣ. ಉದ್ಯೋಗ ಖಾತರಿಯಡಿ ಒಕ್ಕಣೆ ಕಣ ನಿರ್ಮಿಸಿಕೊಂಡ ಪಂಚಾಯಿತಿಗಳು ಹಲವಿವೆ. ಆದರೆ ಒಂದು ಕಣ ಎಷ್ಟು ರೈತರಿಗೆ ಸಾಕು ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ. ಕಾಳನ್ನು ಎರಡು ಅಂಗುಲಕ್ಕಿಂತ, ಅಂದರೆ ಐದು ಸೆಂಟಿಮೀಟರಿಗಿಂತ ದಪ್ಪವಾಗಿ ಹರಡಬಾರದು. ಆ ದಪ್ಪದಲ್ಲಿ ಒಂದು ಕ್ವಿಂಟಾಲಿಗೆ ಹತ್ತಿರ ಹತ್ತಿರ ಮೂರು ಚದರ ಮೀಟರ್ ಜಾಗ ಬೇಕು. ಹದಿನೈದು ಮೀಟರ್ ಉದ್ದಗಲದ ಕಣದಲ್ಲಿ ಒಂದು ಸಲಕ್ಕೆ 75 ಕ್ವಿಂಟಾಲ್ ಹಿಡಿಯುತ್ತದೆ. ಎಕರೆಗೆ 20 ಕ್ವಿಂಟಾಲ್ ಇಳುವರಿ ಎಂದುಕೊಂಡರೆ ನಾಲ್ಕು ಎಕರೆಯ ಬೆಳೆಗೂ ಪೂರ್ತಿ ಸಾಲದು. ಒಳ್ಳೆಯ ಬಿಸಿಲಿನಲ್ಲಿ ಒಂದು ಸುತ್ತಿಗೆ ಮೂರು ದಿನ ಹಿಡಿದರೂ ತಿಂಗಳಿಗೆ ಹತ್ತು ಸುತ್ತು, ಹೆಚ್ಚೆಂದರೆ 37 ಎಕರೆ. ಆದುದರಿಂದ ಸರದಿ ಪಟ್ಟಿಯಿಲ್ಲದ ಸಾರ್ವಜನಿಕ ಕಣವು ಮೊದಲು ಬಂದ ದೊಡ್ಡ ರೈತರೊಬ್ಬರ ಕಣವಾಗುತ್ತದೆ. ಸರದಿಯನ್ನು ಸಭೆಯಲ್ಲಿ ತೀರ್ಮಾನಿಸಿ ಸೂಚನಾ ಫಲಕದಲ್ಲಿ ಹಾಕಬೇಕು. ಅಲ್ಪ ಹಿಡುವಳಿದಾರರಿಗೂ ಕೋಳಿ ಸಾಕುವ ಸಂಘಗಳಿಗೂ ಒಂದಿಷ್ಟು ದಿನ ಕಾದಿರಿಸಬೇಕು. ಡಾಂಬರು ರಸ್ತೆಯ ಮೇಲೆ ಒಣಗಿಸುವುದರಿಂದ ಕಾಳು ಚಕ್ರಕ್ಕೆ ಸಿಕ್ಕಿ ಒಡೆಯುತ್ತದೆ. ಒಡೆದ ಕಾಳೇ ಬೂಷ್ಟಿನ ಹೆಬ್ಬಾಗಿಲು. ರಾತ್ರಿ ಬೈಕ್ ಸವಾರರಿಗೆ ಆಗುವ ಅಪಾಯದ ಮಾತು ಬೇರೆಯೇ ಇದೆ.

ಕಣ ಕಟ್ಟುವಾಗ ಸ್ವಲ್ಪ ಇಳಿಜಾರು ಕೊಡಿಸಿ, ಸುತ್ತಲೂ ನೀರು ಹೊರಹೋಗುವಂತೆ ಮಾಡಿಸಿ. ಅಂದಾಜುಪಟ್ಟಿಯಲ್ಲಿ ಇದು ಚಿಕ್ಕ ಮೊತ್ತ; ಬಿಟ್ಟುಹೋದರೆ ಕಣದ ನಡುವೆಯೇ ನೀರು ನಿಲ್ಲುತ್ತದೆ. ಸಂಜೆ ಬಿಸಿಯಾಗಿರುವ ಕಾಳನ್ನು ಕೂಡಲೇ ಚೀಲಕ್ಕೆ ತುಂಬಿದರೆ ಒಳಗೇ ಬೆವರುತ್ತದೆ. ತಣಿದ ಮೇಲೆ ತುಂಬಬೇಕು.

ದಾಸ್ತಾನಿಗೆ ಕೊಡುವ ಯಾವುದೇ ಸಮುದಾಯ ಕೋಣೆಯಲ್ಲಿ ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಮರದ ಹಲಗೆ, ಗೋಡೆಯಿಂದ ಒಂದೂವರೆ ಅಡಿ ಅಂತರ ಇರಲಿ. ತಗಡಿನ ಚಾವಣಿಯಾದರೆ ರಾತ್ರಿಯ ತಂಪಿಗೆ ಒಳಭಾಗದಲ್ಲಿ ನೀರು ಕಟ್ಟಿ ತೊಟ್ಟಿಕ್ಕುವುದನ್ನು ಬೆಳಗಿನ ಜಾವ ಒಮ್ಮೆ ಹೋಗಿ ನೋಡಬೇಕು. ನಾನು ಬೀಗದ ಕೈ ಕೊಡುವ ಮುನ್ನ ಮಾಡದೆ ಬಿಟ್ಟ ಕೆಲಸ ಇದು.

ತೇವಾಂಶ ಅಳೆಯುವ ಮಾಪಕವೊಂದು ಪಂಚಾಯಿತಿಯಲ್ಲಿ ಅಥವಾ ಒಕ್ಕೂಟದಲ್ಲಿ ಇದ್ದರೆ ಒಳಿತು. ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಸಾಕು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಕಾಳು ತುಂಬಿ, ಎರಡು ಮೂರು ಚಮಚ ಒಣ ಪುಡಿ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಇಡಬೇಕು. ಉಪ್ಪು ಬಾಟಲಿಯ ಒಳಮೈಗೆ ಅಂಟಿಕೊಂಡರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ ಎಂದರ್ಥ. ಆ ಕಾಳನ್ನು ದಾಸ್ತಾನು ಮಾಡಬಾರದು. ಅಂಟದಿದ್ದರೂ ಇನ್ನೊಂದು ಬಿಸಿಲು ಕೊಡುವುದು ಕ್ಷೇಮ.

ಸಂಘಗಳು ಮಳೆಗಾಲದಲ್ಲಿ ಹದಿನೈದು ದಿನಕ್ಕಿಂತ ಹೆಚ್ಚಿನ ಆಹಾರ ಕೊಳ್ಳದಿರಲಿ. ಪಂಚಾಯಿತಿಯ ಸಭೆಗೆ ಪಶುವೈದ್ಯಾಧಿಕಾರಿಗಳನ್ನು ಕರೆದು, ಸಂಘಗಳೆಲ್ಲ ಸೇರಿ ಒಟ್ಟಿಗೆ ಗಟ್ಟಿ ಕಾಳನ್ನೇ ಖರೀದಿಸಿ ನುಚ್ಚು ಮಾಡಿಸಿಕೊಳ್ಳುವ ವ್ಯವಸ್ಥೆಯನ್ನು ಚರ್ಚಿಸಬಹುದು. ಜರಡಿ ಮಾಲಿಗೂ ಗಟ್ಟಿ ಕಾಳಿಗೂ ಇರುವ ದರದ ವ್ಯತ್ಯಾಸವನ್ನು ಸತ್ತ ಕೋಳಿಗಳ ಬೆಲೆಯ ಪಕ್ಕದಲ್ಲಿಟ್ಟು ತೋರಿಸಿದಾಗ ನಮ್ಮ ಹದಿನೆಂಟು ಮಹಿಳೆಯರು ಒಪ್ಪಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಕೋಳಿಗಳು ಮಂಕಾದಾಗ

ಒಂದೇ ವಾರದಲ್ಲಿ ಹಲವು ಮನೆಗಳ ಕೋಳಿಗಳು ಮಂಕಾದರೆ ಆ ಮನೆಗಳೆಲ್ಲವೂ ಒಂದೇ ಕಡೆಯಿಂದ ಆಹಾರ ತಂದಿವೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಆ ಆಹಾರವನ್ನು ಕೂಡಲೇ ನಿಲ್ಲಿಸಿ ಬೇರೆಯದನ್ನು ಕೊಡಬೇಕು. ನಿಲ್ಲಿಸಲು ಪ್ರಯೋಗಾಲಯದ ವರದಿಗಾಗಿ ಕಾಯಬೇಕಾಗಿಲ್ಲ. ಹಳೆಯ ಚೀಲಗಳನ್ನು ಮಾತ್ರ ಎಸೆಯದೆ ಬೇರೆಯಾಗಿ ಇಡಬೇಕು, ಏಕೆಂದರೆ ಮಾದರಿ ತೆಗೆಯುವುದು ಅದರಿಂದಲೇ. ವಿಷವನ್ನು ಹೀರಿ ಹಿಡಿದಿಡುವ ಬೆಂಟೊನೈಟ್ ಜೇಡಿಯಂತಹ ಪದಾರ್ಥಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅಫ್ಲಾಟಾಕ್ಸಿನ್ ಮೇಲೆ ಅವು ತಕ್ಕಮಟ್ಟಿಗೆ ಕೆಲಸ ಮಾಡುತ್ತವೆ, ಟಿ-2ರಂತಹ ವಿಷಗಳ ಮೇಲೆ ಬಹಳ ಕಡಿಮೆ. ಪಶುವೈದ್ಯರ ಸಲಹೆಯಂತೆ ಬಳಸಬೇಕು; ಕೆಟ್ಟ ಕಾಳನ್ನು ಬಳಸಲು ಅದೊಂದು ಪರವಾನಗಿಯಲ್ಲ.

ಮಾದರಿ ತೆಗೆಯುವ ರೀತಿ ಬಹಳ ಮುಖ್ಯ. ವಿಷ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಒಂದೇ ಚೀಲದ ಮೇಲ್ಭಾಗದ ಒಂದು ಹಿಡಿ ಏನನ್ನೂ ಹೇಳುವುದಿಲ್ಲ. ಹತ್ತು ಹದಿನೈದು ಕಡೆ, ಚೀಲದ ಮೇಲೆ, ನಡುವೆ, ತಳದಲ್ಲಿ, ಗೋಡೆಗೆ ತಾಗಿದ ಮಗ್ಗುಲಲ್ಲಿ ತೆಗೆದು, ಒಂದು ಹಾಳೆಯ ಮೇಲೆ ಸುರಿದು ಚೆನ್ನಾಗಿ ಬೆರೆಸಿ, ಅದರಿಂದ ಒಂದು ಕಿಲೋ ತೆಗೆಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲಿಯೇ ಬೆವರಿ ಬೂಷ್ಟು ಇನ್ನಷ್ಟು ಬೆಳೆಯುತ್ತದೆ; ಕಾಗದದ ಅಥವಾ ಬಟ್ಟೆಯ ಚೀಲದಲ್ಲಿ ಹಾಕಿ, ದಿನಾಂಕ, ಊರು, ಆಹಾರ ತಂದ ಮೂಲವನ್ನು ಬರೆದು, ಸ್ಥಳೀಯ ಪಶು ಆಸ್ಪತ್ರೆಯ ಮೂಲಕ ಕಳುಹಿಸಬೇಕು. ಆಗ ತಾನೇ ಸತ್ತ ಒಂದೆರಡು ಕೋಳಿಗಳನ್ನೂ ತಣ್ಣಗಿನ ಜಾಗದಲ್ಲಿಟ್ಟು ಅದೇ ದಿನ ತೋರಿಸಬೇಕು. ವರದಿ ಬರುವವರೆಗೆ ಲಸಿಕೆಯ ಬಗ್ಗೆಯಾಗಲಿ, ಹಾಕಿದವರ ಬಗ್ಗೆಯಾಗಲಿ ನಡಾವಳಿ ಪುಸ್ತಕದಲ್ಲಿ ಒಂದು ಸಾಲನ್ನೂ ದಾಖಲಿಸದಿರುವಂತೆ ತಮ್ಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ತಾವೇ ಸೂಚಿಸಬಹುದು.